ಅಪ್ಪನ ಬೆಲ್ಟಿನ ಆರನೇ ತೂತು

ಅಪ್ಪನ ಹಳೇ ಬೆಲ್ಟು ನನ್ನ ಕಪಾಟಿನಲ್ಲಿದೆ. ಕಂದು ಬಣ್ಣದ ತೊಗಲು. ಅಂಚು ಸವೆದು ನೂಲು ಬಿಟ್ಟಿದೆ. ಬಕಲ್ ಕಡೆಯಿಂದ ಎಣಿಸಿದರೆ ಎರಡನೇ ತೂತಿನ ಹತ್ತಿರ ಒಂದು ಮಾಸಿದ ಗೆರೆ, ಮೂರನೆಯದರ ಹತ್ತಿರ ಇನ್ನೊಂದು. ನಾಲ್ಕನೆಯದರ ಗೆರೆ ಆಳವಾಗಿದೆ. ಅಲ್ಲಿ ತುಂಬಾ ವರ್ಷ ನಿಂತಿದ್ದರು ಅನ್ನಿಸುತ್ತೆ. ಐದನೆಯದರ ಆಚೆ, ತುದಿಯ ಹತ್ತಿರ, ಸೊಟ್ಟಗಿರುವ ಆರನೇ ತೂತು. ಅದು ಅಂಗಡಿಯವನು ಹಾಕಿಕೊಟ್ಟದ್ದಲ್ಲ. ಅಪ್ಪ ಗ್ಯಾಸ್ ಒಲೆಯ ಮುಂದೆ ನಿಂತು, ಇಕ್ಕಳದಲ್ಲಿ ಮೊಳೆ ಹಿಡಿದು, ಕೆಂಪಗೆ ಕಾಯಿಸಿ ಚುಚ್ಚಿದ್ದು. ಅಡುಗೆಮನೆ ತುಂಬಾ ತೊಗಲು ಸುಟ್ಟ ವಾಸನೆ. ಅಮ್ಮ ಬೈದಿದ್ದು ಇನ್ನೂ ನೆನಪಿದೆ.

ಆ ಬೆಲ್ಟು ಹಾಕಿದ ಅಷ್ಟೂ ವರ್ಷ ಅಪ್ಪನ ತೂಕ ಬದಲಾಗಲೇ ಇಲ್ಲ. ರೈಲ್ವೆ ಸ್ಟೇಷನ್ನಿನ ತೂಕದ ಮಿಷನ್ನಿಗೆ ನಾಣ್ಯ ಹಾಕಿದರೆ ಒಂದು ದಪ್ಪ ಚೀಟಿ ಬೀಳುತ್ತಿತ್ತಲ್ಲ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಅದರಲ್ಲಿ ಯಾವಾಗ ನೋಡಿದರೂ 62 ಕೆಜಿ. ಎತ್ತರ 166 ಸೆಂಟಿಮೀಟರ್. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ, 22.5. ಯಾವ ಚಾರ್ಟಿನಲ್ಲಿ ನೋಡಿದರೂ ಹಸಿರು ಬಣ್ಣದ ಜಾಗ. ಅವರ ಸ್ನೇಹಿತರು ಕಡ್ಡಿ ಪೈಲ್ವಾನ್ ಅಂತ ಕರೆಯುತ್ತಿದ್ದರು. ಕೈ ಕಡ್ಡಿ, ಕಾಲು ಕಡ್ಡಿ. ಶರ್ಟು ಬಿಚ್ಚಿದಾಗ ಮಾತ್ರ ಹೊಟ್ಟೆ ಮುಂದೆ ಬಂದದ್ದು ಕಾಣುತ್ತಿತ್ತು. ಮಧ್ಯವಯಸ್ಸಿನ ಗಂಡಸರಿಗೆ ಅಷ್ಟು ಹೊಟ್ಟೆ ಇರೋದೇ ಅಂತ ಎಲ್ಲರೂ ಅಂದುಕೊಂಡಿದ್ದೆವು.

2004ರ ದಸರಾ ರಜೆಯಲ್ಲಿ ಅಪ್ಪನಿಗೆ ಎದೆ ಉರಿ ಶುರುವಾಯಿತು. ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಇಸಿಜಿ ಮಾಡಲಿಲ್ಲ. "ನೀವು ಇಷ್ಟು ಸಣ್ಣಗಿದ್ದೀರಿ, ಸಿಗರೇಟು ಇಲ್ಲ, ಹಾರ್ಟ್ ತೊಂದರೆ ಎಲ್ಲಿಂದ ಬರುತ್ತೆ? ಗ್ಯಾಸ್ಟ್ರಿಕ್ಕು" ಅಂತ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನ ಆದ ಮೇಲೆ ಬೆಳಗಿನ ಜಾವ ಆಂಬ್ಯುಲೆನ್ಸ್ ಕರೆಯಬೇಕಾಯಿತು. ಹೃದಯಾಘಾತ. ಅಪ್ಪನಿಗೆ ಆಗ 53. ಎರಡು ಸ್ಟೆಂಟ್ ಹಾಕಿದರು, ಬದುಕಿದರು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಇಷ್ಟು ಸಣ್ಣಗಿರೋರಿಗೆ ಹೇಗೆ?"

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಡಾಕ್ಟರಲ್ಲ. ಆದರೆ ಇಪ್ಪತ್ತು ವರ್ಷದಿಂದ ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಗೊತ್ತಿರುವ ಡಾಕ್ಟರುಗಳ ತಲೆ ತಿಂದಿದ್ದೇನೆ. ಓದಿದಷ್ಟೂ ಒಂದು ಸಂಗತಿ ಗಟ್ಟಿಯಾಗುತ್ತಾ ಹೋಯಿತು. ಅಪ್ಪ ತೂಕದ ಮಿಷನ್ ಮೇಲೆ ಸಣ್ಣಗಿದ್ದರು. ಅವರ ರಕ್ತದಲ್ಲಿ ಓಡುತ್ತಿದ್ದ ಹಾರ್ಮೋನುಗಳ ಲೆಕ್ಕದಲ್ಲಿ ಸಣ್ಣಗಿರಲಿಲ್ಲ.

ಕೊಬ್ಬು ಅಂದರೆ ಸುಮ್ನೆ ಬಿದ್ದಿರುವ ಎಣ್ಣೆ ಡಬ್ಬ ಅಂತ ಬಹಳ ಕಾಲ ತಿಳಿದಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಪತ್ತೆ ಮಾಡಿತು. ಕೊಬ್ಬಿನ ಕೋಶಗಳೇ ತಯಾರಿಸಿ ರಕ್ತಕ್ಕೆ ಬಿಡುವ ಹಾರ್ಮೋನು ಅದು. ಮಿದುಳಿಗೆ ಹೋಗಿ "ಮನೆಯಲ್ಲಿ ದವಸ ಇದೆ, ಊಟ ಸಾಕು" ಅಂತ ಹೇಳುವುದು ಅದರ ಕೆಲಸ. ಕೊಬ್ಬು ಜಾಸ್ತಿ ಆದಷ್ಟೂ ಲೆಪ್ಟಿನ್ ಜಾಸ್ತಿ. ದಪ್ಪ ಇರುವವರಲ್ಲಿ ಇದು ರಾಶಿ ರಾಶಿ ಇರುತ್ತದೆ, ಮಿದುಳು ಮಾತ್ರ ಕಿವಿಗೊಡುವುದಿಲ್ಲ. ಹಸಿವಿನ ವಿಷಯದಲ್ಲಿ ಕಿವುಡಾದ ಮಿದುಳು ಇನ್ನೊಂದು ವಿಷಯದಲ್ಲಿ ಲೆಪ್ಟಿನ್ ಮಾತನ್ನು ಕೇಳುತ್ತಲೇ ಇರುತ್ತದೆ ಅಂತ ಕಾಣುತ್ತದೆ. ರಕ್ತನಾಳಗಳನ್ನು ಬಿಗಿ ಮಾಡುವ ನರಗಳು ಚುರುಕಾಗುತ್ತವೆ, ಬಿಪಿ ಏರುತ್ತದೆ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಜನ ಜಗತ್ತಿನಲ್ಲಿದ್ದಾರೆ. ಅವರು ವಿಪರೀತ ದಪ್ಪ ಇರುತ್ತಾರೆ, ಆದರೆ ಆ ದಪ್ಪಕ್ಕೆ ತಕ್ಕ ಬಿಪಿ ಅವರಲ್ಲಿ ಇರುವುದಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ಅಡಿಪೊನೆಕ್ಟಿನ್ ಇನ್ನೊಂದು. ಲೆಪ್ಟಿನ್ ಸಿಕ್ಕ ಒಂದೆರಡು ವರ್ಷದಲ್ಲೇ ಅಮೆರಿಕ, ಜಪಾನಿನ ಪ್ರಯೋಗಾಲಯಗಳಲ್ಲಿ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಇದೂ ಕೊಬ್ಬಿನಿಂದಲೇ ಬರುತ್ತದೆ, ಆದರೆ ಗುಣ ಉಲ್ಟಾ. ಕೊಬ್ಬು ಜಾಸ್ತಿ ಆದರೆ, ಅದರಲ್ಲೂ ಹೊಟ್ಟೆಯೊಳಗೆ ತುಂಬಿಕೊಂಡರೆ, ಇದು ಕಡಿಮೆಯಾಗುತ್ತದೆ. ಇದು ಚೆನ್ನಾಗಿರುವವರಲ್ಲಿ ಇನ್ಸುಲಿನ್ ಸಲೀಸಾಗಿ ಕೆಲಸ ಮಾಡುತ್ತದೆ, ರಕ್ತನಾಳದ ಒಳಗೋಡೆಯ ಉರಿಯೂತ ಕಡಿಮೆ ಇರುತ್ತದೆ. ಬಾಣಲೆಯಲ್ಲಿ ಜೀರಿಗೆ ಸೀಯುವ ಮುಂಚೆ ಉರಿ ತಗ್ಗಿಸುವ ಕೈ ಇರುತ್ತಲ್ಲ, ನಾನು ಇದನ್ನು ಹಾಗೆ ಅರ್ಥ ಮಾಡಿಕೊಂಡಿದ್ದೇನೆ.

ಈ ಹಾರ್ಮೋನುಗಳ ಲೆಕ್ಕ ಎಲ್ಲ ಜನಾಂಗಗಳಲ್ಲೂ ಒಂದೇ ಥರ ಇಲ್ಲ.

ಕೆನಡಾದಲ್ಲಿ ಇದನ್ನು ನೇರವಾಗಿ ಹೋಲಿಸಿ ನೋಡಿದ್ದಾರೆ. ಅಲ್ಲೇ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದವರು, ಚೀನೀ ಮೂಲದವರು, ಯುರೋಪ್ ಮೂಲದವರು, ಅಲ್ಲಿನ ಮೂಲನಿವಾಸಿಗಳು, ಒಟ್ಟು 1,176 ಜನ. 2010ರಲ್ಲಿ ಪ್ರಕಟವಾದ ಅಧ್ಯಯನ. ಯುರೋಪಿನವರಲ್ಲಿ ಅಡಿಪೊನೆಕ್ಟಿನ್ ಸರಾಸರಿ 13ರ ಆಸುಪಾಸು ಇದ್ದರೆ ನಮ್ಮವರಲ್ಲಿ 9ರ ಆಸುಪಾಸು. ಲೆಪ್ಟಿನ್ ನಮ್ಮವರಲ್ಲಿ ಜಾಸ್ತಿ. ಇಷ್ಟೇ ಆಗಿದ್ದರೆ "ಹೌದಪ್ಪ, ವ್ಯತ್ಯಾಸ ಇದೆ" ಅಂತ ಸುಮ್ಮನಾಗಬಹುದಿತ್ತು. ಉಳಿದ ಮೂರು ಗುಂಪುಗಳಲ್ಲಿ ಸೊಂಟ, ತೂಕ ಹೆಚ್ಚಿದಷ್ಟೂ ಅಡಿಪೊನೆಕ್ಟಿನ್ ಇಳಿಯುತ್ತಾ ಹೋಗುತ್ತಿತ್ತು. ದಕ್ಷಿಣ ಏಷ್ಯಾದವರಲ್ಲಿ ಮಾತ್ರ ಆ ನಂಟು ಕಾಣಲಿಲ್ಲ. ಅಂದರೆ ಸಣ್ಣಗಿದ್ದರೂ ನಮ್ಮವರಿಗೆ ಆ ರಕ್ಷಣೆ ಅಷ್ಟಾಗಿ ಸಿಗುತ್ತಿರಲಿಲ್ಲ. ಜೊತೆಗೆ, ಅಡಿಪೊನೆಕ್ಟಿನ್ ಅಷ್ಟೇ ಇಳಿದರೂ ಇನ್ಸುಲಿನ್ ಪ್ರತಿರೋಧ, ಅಂದರೆ ಮೈ ಇನ್ಸುಲಿನ್ ಮಾತು ಕೇಳದಿರುವುದು, ನಮ್ಮವರಲ್ಲಿ ಯುರೋಪಿನವರಿಗಿಂತ ಜಾಸ್ತಿ ಏರುತ್ತಿತ್ತು. ಹಾರ್ಮೋನು ಕಡಿಮೆ, ಕಡಿಮೆಯಾದದ್ದಕ್ಕೆ ತೆರುವ ಬೆಲೆಯೂ ಜಾಸ್ತಿ. ಇನ್ಸುಲಿನ್ ಪ್ರತಿರೋಧದ ಹಿಂದೆ ಬರುವ ಪಟ್ಟಿ ನಮ್ಮ ಮನೆಗಳಲ್ಲಿ ಗೊತ್ತಿರುವುದೇ: ಶುಗರ್, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಏರುವುದು, ಒಳ್ಳೆ ಕೊಲೆಸ್ಟ್ರಾಲ್ ಅಂದರೆ ಎಚ್‌ಡಿಎಲ್ ಇಳಿಯುವುದು. ಅಪ್ಪನ ಡಿಸ್ಚಾರ್ಜ್ ಕಾರ್ಡಿನಲ್ಲಿ ಟ್ರೈಗ್ಲಿಸರೈಡ್ 260, ಎಚ್‌ಡಿಎಲ್ 31 ಅಂತ ಬರೆದಿದ್ದರು. ಒಟ್ಟು ಕೊಲೆಸ್ಟ್ರಾಲ್ ನಾರ್ಮಲ್.

ಅಪ್ಪನಿಗೆ ಹೀಗಾದ 2004ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. ನಾನು ನೋಡಿದ್ದು ಎಷ್ಟೋ ವರ್ಷ ಆದ ಮೇಲೆ. ಇಬ್ಬರು ಡಾಕ್ಟರುಗಳು ಪಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಅವರ ಮೈಯಲ್ಲಿ 21.2. ಆ ಫೋಟೋದಲ್ಲಿ ನನಗೆ ಕಂಡದ್ದು ಅಪ್ಪ. ತೂಕ ಹಾಗೇ ಇದ್ದು, ತೋಳು ತೊಡೆಯ ಮಾಂಸ ಕರಗುತ್ತಾ, ಆ ಜಾಗದ ಲೆಕ್ಕಕ್ಕೆ ಹೊಟ್ಟೆಯಲ್ಲಿ ಕೊಬ್ಬು ಕೂರುತ್ತಾ ಹೋಗಿತ್ತು. ತೂಕದ ಮಿಷನ್ನಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಬೆಲ್ಟಿಗೆ ಗೊತ್ತಿತ್ತು.

ಕೊಬ್ಬು ಎಲ್ಲಿ ಕೂರುತ್ತದೆ ಅನ್ನುವುದು ಇಷ್ಟು ಯಾಕೆ ಮುಖ್ಯ? ಇದಕ್ಕೆ ಸ್ನೈಡರ್‌ಮನ್, ರಾಜ್ ಭೋಪಾಲ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 2007ರಲ್ಲಿ ಒಂದು ವಿವರಣೆ ಮುಂದಿಟ್ಟರು. ನನಗೆ ಅದು ಅಜ್ಜಿ ಮನೆಯ ಕಣಜದ ಹಾಗೆ ಕಂಡಿತು. ರಾಗಿ ಬಂದಾಗ ಮೊದಲು ಕಣಜ ತುಂಬುತ್ತಾರೆ. ಕಣಜ ದೊಡ್ಡದಿದ್ದರೆ ಎಷ್ಟು ಬೆಳೆ ಬಂದರೂ ಮನೆಗೆ ತೊಂದರೆ ಇಲ್ಲ. ಸಣ್ಣದಿದ್ದರೆ ಮೂಟೆಗಳು ನಡುಮನೆಗೆ ಬರುತ್ತವೆ, ಆಮೇಲೆ ಅಡುಗೆಮನೆಗೆ, ಕೊನೆಗೆ ದೇವರ ಕೋಣೆಗೂ. ಓಡಾಡಲು ಜಾಗ ಇರುವುದಿಲ್ಲ. ಚರ್ಮದ ಕೆಳಗಿನ ಕೊಬ್ಬು ಕಣಜ ಇದ್ದ ಹಾಗೆ. ತೊಡೆ, ಸೊಂಟದ ಹಿಂಭಾಗ, ತೋಳುಗಳಲ್ಲಿ ಕೂತ ಕೊಬ್ಬು ಅಷ್ಟಾಗಿ ಕಾಟ ಕೊಡುವುದಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಈ ಕಣಜ ಸಣ್ಣದು, ಬೇಗ ತುಂಬಿಬಿಡುತ್ತದೆ ಅನ್ನುವುದು ಅವರ ವಾದ. ಉಕ್ಕಿದ್ದು ಕರುಳಿನ ಸುತ್ತ, ಲಿವರಿನೊಳಗೆ ಹೋಗಿ ಸೇರುತ್ತದೆ. ಕರುಳಿನ ಸುತ್ತ ಕೂತ ಕೊಬ್ಬಿಗೂ ಲಿವರಿಗೂ ನೇರ ರಕ್ತದ ದಾರಿ ಇದೆ. ಅದು ಬಿಟ್ಟ ಕೊಬ್ಬಿನಾಮ್ಲಗಳು ಸೀದಾ ಲಿವರಿಗೆ ಸುರಿಯುತ್ತವೆ, ಲಿವರು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ತಳ್ಳುತ್ತದೆ.

ಇದಕ್ಕೆ ವಿಚಿತ್ರವಾದ ಒಂದು ಸಾಕ್ಷಿಯೂ ಇದೆ. ಲಿಪೊಡಿಸ್ಟ್ರೊಫಿ ಅಂತ ಒಂದು ಅಪರೂಪದ ಕಾಯಿಲೆ. ಅದು ಜೋರಾಗಿ ಬಂದವರ ಮೈಯಲ್ಲಿ ಚರ್ಮದಡಿಯ ಕೊಬ್ಬೇ ಇರುವುದಿಲ್ಲ, ಅಂದರೆ ಕಣಜವೇ ಇಲ್ಲ. ಅಂಥವರಿಗೆ ಸಕ್ಕರೆ ಕಾಯಿಲೆ, ಲಿವರಿನಲ್ಲಿ ಕೊಬ್ಬು ತುಂಬುವ ಕಾಯಿಲೆ ತೀವ್ರವಾಗಿ ಬರುತ್ತದೆ. ಲೆಪ್ಟಿನ್ ಚುಚ್ಚುಮದ್ದು ಕೊಟ್ಟರೆ ಸುಧಾರಿಸುತ್ತಾರೆ.

ಬಿಳಿಯರು, ನಾವು ಅಂತ ಎರಡೇ ಗುಂಪು ಮಾಡಿದರೆ ತಪ್ಪಾಗುತ್ತದೆ. ಅಮೆರಿಕದ ಕಪ್ಪು ಜನರನ್ನು ನೋಡಿ. ಅಷ್ಟೇ ತೂಕದ ಬಿಳಿಯರಿಗೆ ಹೋಲಿಸಿದರೆ ಅವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಕಡಿಮೆ. ಅಲ್ಲಿನ ಡಲ್ಲಾಸ್ ನಗರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಿವರಿನಲ್ಲಿ ಕೊಬ್ಬು ತುಂಬಿದ್ದು ಹಿಸ್ಪಾನಿಕ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಜನರಲ್ಲಿ 45 ಶೇಕಡಾ, ಬಿಳಿಯರಲ್ಲಿ 33, ಕಪ್ಪು ಜನರಲ್ಲಿ 24. ಅವರ ಟ್ರೈಗ್ಲಿಸರೈಡ್ ಕೂಡ ಸಾಮಾನ್ಯವಾಗಿ ಕಡಿಮೆಯೇ. ಹಾಗಾದರೆ ಅವರ ಹೃದಯ ಸುರಕ್ಷಿತವಾಗಿರಬೇಕಿತ್ತು, ಅಲ್ವಾ? ಇಲ್ಲ. ಅಡಿಪೊನೆಕ್ಟಿನ್ ಅವರಲ್ಲೂ ಬಿಳಿಯರಿಗಿಂತ ಕಡಿಮೆ. ಬಿಪಿ ಅವರನ್ನು ಬೇಗ, ಜೋರಾಗಿ ಹಿಡಿಯುತ್ತದೆ. ಅದರ ಹಿಂದೆ ಬಡತನ, ಬಡಾವಣೆ, ತಲೆಮಾರುಗಳಿಂದ ಬಂದ ತಾರತಮ್ಯದ ಒತ್ತಡ ಎಲ್ಲ ಸೇರಿಕೊಂಡಿವೆ. ಒಂದೇ ಹಾರ್ಮೋನು ಕಡಿಮೆಯಾದರೂ ಒಂದು ಜನಕ್ಕೆ ಶುಗರ್ ದಾರಿಯಲ್ಲಿ ಹೃದಯಕ್ಕೆ ಕುತ್ತು, ಇನ್ನೊಂದು ಜನಕ್ಕೆ ಬಿಪಿ ದಾರಿಯಲ್ಲಿ.

ನಮ್ಮದೇ ಜನ ಅಮೆರಿಕದಲ್ಲಿ ಹೇಗಿದ್ದಾರೆ ಅಂತ ನೋಡುವ ಮಸಾಲಾ ಅನ್ನುವ ಅಧ್ಯಯನ 2010ರಲ್ಲಿ ಶುರುವಾಯಿತು. ಶಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ 906 ದಕ್ಷಿಣ ಏಷ್ಯನ್ನರು ಅದರಲ್ಲಿದ್ದರು. ಅಲ್ಲಿನ ಬೇರೆ ಜನಾಂಗಗಳಿಗೆ ಹೋಲಿಸಿದಾಗ ನಮ್ಮವರಲ್ಲಿ ಮಾಂಸಖಂಡ ಕಡಿಮೆ, ಲಿವರಿನಲ್ಲಿ ಕೊಬ್ಬು ಜಾಸ್ತಿ, ಅಡಿಪೊನೆಕ್ಟಿನ್ ಕಡಿಮೆ ಕಂಡಿತು. ನನ್ನ ದೊಡ್ಡಮ್ಮನ ಮಗ ಅದೇ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವುದು. ಹೋದ ವರ್ಷ ಫೋನಿನಲ್ಲಿ, "ನನ್ನ ಬಿಎಂಐ 24 ಕಣೇ, ಇಲ್ಲಿ 25ರ ತನಕ ನಾರ್ಮಲ್ಲು" ಅಂದ. "ಅದು ನಿನ್ನ ಚಾರ್ಟ್ ಅಲ್ಲ ಕಣೋ" ಅಂದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂದಿದ್ದಾರೆ. ಅಮೆರಿಕದ ಡಯಾಬಿಟಿಸ್ ಸಂಘವೂ 2015ರಿಂದ ಏಷ್ಯನ್ ಮೂಲದವರಿಗೆ 23 ಮುಟ್ಟಿದರೆ ಶುಗರ್ ನೋಡಿ ಅನ್ನುತ್ತದೆ. ಇಂಗ್ಲೆಂಡಿನ ಲಕ್ಷಾಂತರ ಜನರ ದಾಖಲೆ ನೋಡಿ 2021ರಲ್ಲಿ ಒಂದು ಲೆಕ್ಕ ಬಂತು. ಬಿಳಿಯರಿಗೆ ಬಿಎಂಐ 30ರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಎಷ್ಟಿರುತ್ತೋ ಅಷ್ಟೇ ಅಪಾಯ ಕಪ್ಪು ಜನರಿಗೆ 28.1ರಲ್ಲಿ, ಚೀನೀಯರಿಗೆ 26.9ರಲ್ಲಿ, ದಕ್ಷಿಣ ಏಷ್ಯಾದವರಿಗೆ 23.9ರಲ್ಲಿ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಿಕ್ಕಪ್ಪಂಗೂ ಇಷ್ಟೇ ಇತ್ತಾ?" ಅಂತ ಕೇಳಿದ. ಅವನಿಗಿಂತ ಕಡಿಮೆಯೇ ಇತ್ತು.

ಜನಾಂಗ ಅಂದ ಕೂಡಲೇ ಎಲ್ಲರೂ "ಓ, ನಮ್ಮ ಜೀನ್ಸೇ ಹಾಗೆ" ಅಂತ ಕೈ ಚೆಲ್ಲಿಬಿಡುತ್ತಾರೆ. ನನಗೆ ಇದು ಬಹಳ ಬೇಸರದ ಮಾತು. ಯಾಕೆಂದರೆ ಈ ಕತೆಯ ಒಂದು ದೊಡ್ಡ ಅಧ್ಯಾಯ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಲೆಡ್ಜರುಗಳನ್ನು ಕಾಪಾಡಿಕೊಂಡು ಬಂದ ನರ್ಸುಗಳಿಗೆ, ಗುಮಾಸ್ತರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಅಲ್ಲೇ ಹತ್ತಿರ ವಾಸವಿದ್ದ 517 ಜನರನ್ನು ಹುಡುಕಿ ಅವರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ, ಅಂದರೆ ಎರಡೂವರೆ ಕೆಜಿಯ ಒಳಗೆ, ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ 11 ಶೇಕಡಾ. ಏಳು ಪೌಂಡಿನ ಮೇಲಿದ್ದವರಲ್ಲಿ 3 ಶೇಕಡಾ. ತಾಯಿಯೂ ತೆಳ್ಳಗಿದ್ದರೆ ಮಗುವಿಗೆ ಇನ್ನೂ ಕಷ್ಟ.

ಅಪ್ಪ ಹುಟ್ಟಿದ್ದು 1951ರಲ್ಲಿ, ಅದೇ ಮಿಷನ್ ಆಸ್ಪತ್ರೆಯಲ್ಲಿ. ಆ 517ರಲ್ಲಿ ಅವರಿರಲಿಲ್ಲ, ಅಷ್ಟೊತ್ತಿಗೆ ನಮ್ಮ ಮನೆ ಬೇರೆ ಕಡೆ ಇತ್ತು. ಅಜ್ಜಿ ಹೇಳುತ್ತಿದ್ದರು: "ಐದು ಪೌಂಡು ಇದ್ದ ನಿಮ್ಮಪ್ಪ. ಬೆಕ್ಕಿನ ಮರಿ ಹಂಗೆ. ನಂಗೂ ಆಗ ಊಟ ಎಲ್ಲಿತ್ತು? ಎಲ್ಲರದ್ದೂ ಆದ ಮೇಲೆ ಉಳಿದಿದ್ದು ನಂಗೆ." ಅಜ್ಜಿ ಇದನ್ನು ದೂರಿನ ಹಾಗೆ ಹೇಳಲಿಲ್ಲ. ಆಗ ಹೆಂಗಸರ ಊಟ ಹಾಗೇ ಇತ್ತು, ಅಷ್ಟೇ.

ಹೊಟ್ಟೆಯೊಳಗಿನ ಮಗುವಿಗೆ ಆಹಾರ ಸಾಲದಾಗ ಅದು ಎಲ್ಲವನ್ನೂ ಒಂದೇ ಸಮ ಕಡಿಮೆ ಮಾಡಿಕೊಳ್ಳುವುದಿಲ್ಲ. ಮಾಂಸಖಂಡ ಬಿಟ್ಟುಕೊಡುತ್ತದೆ, ಹೊಟ್ಟೆಯ ಅಂಗಗಳು ಸಣ್ಣವಾಗುತ್ತವೆ. ಕೊಬ್ಬನ್ನು ಉಳಿಸಿಕೊಳ್ಳುತ್ತದೆ. ಪುಣೆಯ ಮಕ್ಕಳಲ್ಲಿ ಯಾಜ್ಞಿಕ್ ಇದನ್ನೇ ಕಂಡರು. ಅಲ್ಲಿನ ಹಳ್ಳಿಗಳ ಮಕ್ಕಳು ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳು 3.5 ಕೆಜಿ. ಆದರೂ ಬೆನ್ನಿನ ಮೇಲೆ ಚರ್ಮ ಚಿವುಟಿ ಅಳೆದರೆ ಕೊಬ್ಬಿನಲ್ಲಿ ಅಷ್ಟು ವ್ಯತ್ಯಾಸ ಇಲ್ಲ. ಮೈಸೂರಿನ ಮಕ್ಕಳಲ್ಲೂ ಇದೇ ಕಂಡಿತು. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದಾಗ, ಮೈ ಗಾತ್ರಕ್ಕೆ ಹೋಲಿಸಿದರೆ ಭಾರತದ ಮಕ್ಕಳಲ್ಲಿ ಇನ್ಸುಲಿನ್ನೂ ಲೆಪ್ಟಿನ್ನೂ ಜಾಸ್ತಿ. ಕಣ್ಣು ಬಿಡುವ ಮುಂಚೆಯೇ ಆ ಮಗುವಿನ ರಕ್ತ ದಪ್ಪ ಮೈಯವರ ರಕ್ತದ ಹಾಗೆ ಮಾತಾಡುತ್ತಿತ್ತು. ಇದನ್ನು ಬರೀ ಜೀನ್ಸ್ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಜೀನ್ಸಿನ ಪಾಲು ಖಂಡಿತ ಇದೆ. ಆದರೆ ಇದರಲ್ಲಿ ನಮ್ಮ ಅಜ್ಜಿಯರು ಕೊನೇ ಪಂಕ್ತಿಯಲ್ಲಿ ಉಂಡ ಊಟದ ಪಾಲೂ ಇದೆ.

ಒಂದು ಮಾತು ಎಚ್ಚರಿಕೆಗೆ. ಇದನ್ನು ಓದಿ ಯಾರೂ ಅಡಿಪೊನೆಕ್ಟಿನ್ ಟೆಸ್ಟ್ ಮಾಡಿಸಲು ಲ್ಯಾಬಿಗೆ ಓಡಬೇಡಿ. ಹುಟ್ಟಿನಿಂದಲೇ ಜೀನ್ಸಿನ ಕಾರಣಕ್ಕೆ ಅದು ಜಾಸ್ತಿ ಅಥವಾ ಕಡಿಮೆ ಇರುವವರನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಅದೊಂದರಿಂದಲೇ ಹೃದಯಾಘಾತ ಹೆಚ್ಚು ಕಡಿಮೆ ಆಗುತ್ತದೆ ಅಂತ ಸಿದ್ಧವಾಗಿಲ್ಲ. ಹೃದಯ ಈಗಾಗಲೇ ಸೋತಿರುವ ವಯಸ್ಸಾದವರಲ್ಲಂತೂ ಅಡಿಪೊನೆಕ್ಟಿನ್ ಜಾಸ್ತಿ ಇರುವವರೇ ಹೆಚ್ಚು ಸಾಯುತ್ತಾರೆ. ಬಹುಶಃ ಅದು ಬೆಂಕಿಗೆ ಕಾರಣ ಅಲ್ಲ, ಎಲ್ಲಿ ಬೆಂಕಿ ಬಿದ್ದಿದೆ ಅಂತ ತೋರಿಸುವ ಹೊಗೆ. ನಮಗೆ ಬೇಕಾದ ಸಾಮಾನು ದರ್ಜಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಟೇಪು. ಭಾರತದ ತಜ್ಞರು 2009ರಲ್ಲಿ ಹಾಕಿಕೊಟ್ಟ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಪ್ಯಾಂಟಿನ ಸೈಜು ನೋಡಿ ಹೇಳಬೇಡಿ. ನಮ್ಮವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಬೇಕು.

ಬಹಳ ವರ್ಷ ಆದ ಮೇಲೆ ಒಂದು ಅಂಕಿ ಓದಿದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53. ಉಳಿದವರಿಗೆ 58.8. ಅಪ್ಪನ ಕಾಯಿಲೆ ಅಚ್ಚರಿಯೇನೂ ಆಗಿರಲಿಲ್ಲ, ಸರಾಸರಿಯಾಗಿತ್ತು. ಆ ಕ್ಲಿನಿಕ್ಕಿನ ಡಾಕ್ಟರ ಮೇಲೆ ನನಗೆ ಬಹಳ ಕಾಲ ಸಿಟ್ಟಿತ್ತು. ಈಗ ಅವರ ಮೇಲೆ ಅಷ್ಟಿಲ್ಲ. ಅವರು ಓದಿದ ಪುಸ್ತಕದಲ್ಲಿ ಹೃದ್ರೋಗಿ ಅಂದರೆ ದಪ್ಪ ಮೈಯ ಬಿಳಿಯ ಗಂಡಸು. ಅಪ್ಪನ ಥರದವರ ಚಿತ್ರ ಅಲ್ಲಿ ಇರಲಿಲ್ಲ. ಆದರೆ ಇವತ್ತಿಗೂ "ಸಣ್ಣಗಿದ್ದೀರಿ, ಏನೂ ಆಗಲ್ಲ" ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಪ್ಪನಿಗೆ ಈಗ 74. ದಿನಾ ಬೆಳಿಗ್ಗೆ ನಡೆಯುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಎರಡು ನೀರಿನ ಬಾಟಲಿ ಹಿಡಿದು ತೋಳಿಗೆ ವ್ಯಾಯಾಮ ಮಾಡುತ್ತಾರೆ, ಮಾಂಸಖಂಡ ಉಳಿಯಬೇಕಲ್ಲ. ಅನ್ನ ಅರ್ಧ ಆಗಿದೆ, ಹುರುಳಿ ಸಾರು, ಮೊಳಕೆ ಕಾಳು ಜಾಸ್ತಿ ಆಗಿದೆ. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ, ಕಾಫಿಗೆ ಮುಂಚೆ, ಅಮ್ಮನ ಹೊಲಿಗೆ ಡಬ್ಬಿಯಿಂದ ಹಳದಿ ಟೇಪು ತೆಗೆದು ಕನ್ನಡಿ ಮುಂದೆ ನಿಲ್ಲುತ್ತಾರೆ. ಟೇಪಿನ ತುದಿಯ ತಗಡು ಉದುರಿಹೋಗಿದೆ, ಅದಕ್ಕೆ ಹತ್ತನೇ ಸೆಂಟಿಮೀಟರಿನಿಂದ ಹಿಡಿದು ಆಮೇಲೆ ಹತ್ತು ಕಳೆಯುತ್ತಾರೆ. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಈ ತಿಂಗಳ ಮನೆಯಲ್ಲಿ 87 ಅಂತ ಇದೆ. ಅದರ ಕೆಳಗೆ ಇನ್ನೊಂದು ಅಂಕಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ, 84. ಅದು ಅಮ್ಮನದು. ಹೋದ ತಿಂಗಳಿಂದ ಅವರದ್ದನ್ನೂ ಅಳೆಯಲು ಶುರು ಮಾಡಿದ್ದಾರೆ.